ಮುಖ ನೋಡಿ ಅಪರಾಧಿ ಎನ್ನುವ ಕಾಲ ಬರುತ್ತಿದೆ

2008ರ ಜೂನ್ ತಿಂಗಳಲ್ಲಿ ಪುಣೆಯ ಸೆಷನ್ಸ್ ನ್ಯಾಯಾಲಯ ಕೊಲೆ ಪ್ರಕರಣವೊಂದರಲ್ಲಿ ಯುವತಿಯೊಬ್ಬಳಿಗೂ ಆಕೆಯ ಸಂಗಾತಿಗೂ ಜೀವಾವಧಿ ಶಿಕ್ಷೆ ವಿಧಿಸಿತು. ತೀರ್ಪಿಗೆ ಆಧಾರವಾದ ಸಂಗತಿಗಳಲ್ಲಿ ಒಂದು, ಆಕೆಯ ಮೆದುಳಿನ ವಿದ್ಯುತ್ ಅಲೆಗಳ ದಾಖಲೆ. ತಲೆಗೆ ತಂತಿಗಳ ಟೋಪಿ ತೊಡಿಸಿ, ಕಣ್ಣು ಮುಚ್ಚಿ ಕೂರಿಸಿ, ಕೊಲೆ ಹೇಗೆ ನಡೆಯಿತೆಂಬುದನ್ನು ಒಂದೊಂದೇ ವಾಕ್ಯವಾಗಿ ಓದಿ ಹೇಳಿದ್ದರು. ಆಕೆ ಬಾಯಿ ಬಿಡಬೇಕಾಗಿರಲಿಲ್ಲ. ಆ ಘಟನೆಯನ್ನು ಸ್ವತಃ ಅನುಭವಿಸಿದ ನೆನಪು ಆಕೆಯ ಮೆದುಳಿನಲ್ಲಿದೆ ಎಂದು ಯಂತ್ರ ವರದಿ ಕೊಟ್ಟಿತು.

ಬಿಯೋಸ್ ಎಂಬ ಈ ಪರೀಕ್ಷೆಯನ್ನು ರೂಪಿಸಿದವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಸಿ.ಆರ್. ಮುಕುಂದನ್. ನಿಮ್ಹಾನ್ಸ್‌ನ ಅಂದಿನ ನಿರ್ದೇಶಕ ಡಾ. ಡಿ. ನಾಗರಾಜ ಅವರ ಅಧ್ಯಕ್ಷತೆಯ ತಜ್ಞರ ಸಮಿತಿಯೇ ಅದನ್ನು ಪರಿಶೀಲಿಸಿ, ಇಂಥ ಪರೀಕ್ಷೆಗಳಿಗೆ ವೈಜ್ಞಾನಿಕ ನೆಲೆಯಿಲ್ಲ, ತನಿಖೆಯಲ್ಲಾಗಲಿ ಸಾಕ್ಷ್ಯವಾಗಿಯಾಗಲಿ ಬಳಸಬಾರದು ಎಂದು ವರದಿ ನೀಡಿತು. ಆದರೂ ಪರೀಕ್ಷೆ ಸಾಯಲಿಲ್ಲ. ನನ್ನ ಆತಂಕ ಇರುವುದೇ ಇಲ್ಲಿ. ಅಪರಾಧ ಮನೋವಿಜ್ಞಾನದಲ್ಲಿ ತಪ್ಪೆಂದು ಸಾಬೀತಾದ ಕಲ್ಪನೆಗಳು ಮೂಲೆಗೆ ಸರಿದು ಕಾಯುತ್ತವೆ, ಹೊಸ ಯಂತ್ರದ ಹೆಸರಿನಲ್ಲಿ ಹಿಂತಿರುಗುತ್ತವೆ. ಮುಂದಿನ ಕೆಲವೇ ವರ್ಷಗಳಲ್ಲಿ ಅವು ಹಿಂದೆಂದೂ ಇಲ್ಲದಷ್ಟು ಬಲದೊಂದಿಗೆ ನಮ್ಮ ಠಾಣೆಗಳಿಗೆ ಬರುವ ಲಕ್ಷಣಗಳಿವೆ.

ಈ ವಿಷಯವನ್ನು ಓದಲು ಹೊರಟಿರುವ ವಿದ್ಯಾರ್ಥಿಗಳಿಗೇ ಇದನ್ನು ಹೇಳಬೇಕಾಗಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆ ಇರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಲೇಬೇಕು ಎನ್ನುತ್ತದೆ. ರಾಜ್ಯಗಳು ಐದು ವರ್ಷದೊಳಗೆ ಇದಕ್ಕೆ ಸಜ್ಜಾಗಬೇಕು. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ರಕ್ತದ ಕಲೆ, ಬೆರಳಚ್ಚು, ಮೊಬೈಲ್ ದಾಖಲೆಗಳ ವಿಷಯದಲ್ಲಿ ಇದು ಸ್ವಾಗತಾರ್ಹ. ಆದರೆ ತಜ್ಞರಿಗೆ ಬೇಡಿಕೆ ಏರಿದಾಗ ಗಟ್ಟಿ ವಿಜ್ಞಾನದ ಬೆನ್ನಿಗೆ ಪೊಳ್ಳು ವಿಜ್ಞಾನವೂ ಒಳಬರುತ್ತದೆ. ಎರಡನ್ನೂ ಬೇರ್ಪಡಿಸಬೇಕಾದವರು ಇಂದು ತರಗತಿಯಲ್ಲಿ ಕುಳಿತಿರುವವರು.

ಸುಳ್ಳು ಹೇಳುವವನ ಮುಖದಲ್ಲಿ ಅದು ಗೊತ್ತಾಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಕಣ್ಣು ತಪ್ಪಿಸುತ್ತಾನೆ, ತೊದಲುತ್ತಾನೆ, ಬೆವರುತ್ತಾನೆ ಎನ್ನುತ್ತೇವೆ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ಈ ಕುರಿತ ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ಜನ ನಿಜ-ಸುಳ್ಳುಗಳನ್ನು ಸರಿಯಾಗಿ ಗುರುತಿಸಿದ್ದು ಶೇ 54ರಷ್ಟು ಸಲ. ಸುಮ್ಮನೆ ನಾಣ್ಯ ಚಿಮ್ಮಿದರೂ ಶೇ 50 ಬರುತ್ತದೆ. ಪೊಲೀಸರಂಥ ಅನುಭವಿಗಳು ಸಾಮಾನ್ಯರಿಗಿಂತ ಉತ್ತಮ ಎಂಬುದಕ್ಕೂ ಪುರಾವೆ ಸಿಗಲಿಲ್ಲ.

ಯಂತ್ರಗಳೂ ಈ ಕೊರತೆಯನ್ನು ತುಂಬಿಲ್ಲ. ಪಾಲಿಗ್ರಾಫ್ ಅಳೆಯುವುದು ರಕ್ತದೊತ್ತಡ, ಉಸಿರಾಟ, ಚರ್ಮದ ಬೆವರನ್ನು. ಇವು ಸುಳ್ಳಿನಿಂದ ಏರುವಂತೆ ಭಯದಿಂದಲೂ ಏರುತ್ತವೆ. ಸಿಐಎ ಒಳಗಿದ್ದುಕೊಂಡೇ ಸೋವಿಯತ್ ಒಕ್ಕೂಟಕ್ಕೆ ಗೂಢಚಾರಿಕೆ ಮಾಡಿದ ಆಲ್‌ಡ್ರಿಚ್ ಏಮ್ಸ್ 1986ರಲ್ಲೂ 1991ರಲ್ಲೂ ಪಾಲಿಗ್ರಾಫ್ ದಾಟಿದ್ದ. ಮಂಪರು ಪರೀಕ್ಷೆಯ ಕಥೆ ಇನ್ನೂ ಹಳೆಯದು. ಅಮೆರಿಕದ ಟೆಕ್ಸಸ್‌ನ ಹೆರಿಗೆ ವೈದ್ಯ ರಾಬರ್ಟ್ ಹೌಸ್ 1922ರಲ್ಲಿ ಕೈದಿಗಳಿಗೆ ಔಷಧ ಚುಚ್ಚಿ ಸತ್ಯ ಹೊರಡಿಸಬಹುದು ಎಂದು ಪ್ರಚಾರ ಮಾಡಿದ. ಇಂದು ಬಳಸುವ ಸೋಡಿಯಂ ಪೆಂಟೊಥಾಲ್ ಅರಿವಳಿಕೆಯ ಮದ್ದು. ಅದು ನಾಲಗೆಯ ಹಿಡಿತ ಸಡಿಲಿಸುತ್ತದೆ, ಮಾತು ಹರಿಯುತ್ತದೆ. ಹರಿಯುವ ಮಾತಿನಲ್ಲಿ ನಿಜ, ಭ್ರಮೆ, ಪ್ರಶ್ನೆ ಕೇಳಿದವರೇ ಬಿತ್ತಿದ ಸೂಚನೆ ಎಲ್ಲ ಕಲಸಿರುತ್ತವೆ. ಮಂಪರಿನಲ್ಲಿರುವ ಮನುಷ್ಯ ಸೂಚನೆಗೆ ಬಹಳ ಬೇಗ ತಲೆದೂಗುತ್ತಾನೆ. ಬೇಕೆಂದರೆ ಸುಳ್ಳನ್ನೂ ಹೇಳಬಲ್ಲ. ತೆಲಗಿ ಛಾಪಾ ಕಾಗದ ಹಗರಣದ ಕಾಲದಲ್ಲಿ ಬೆಂಗಳೂರಿನ ಮಂಪರು ಪರೀಕ್ಷೆಗಳು ದೇಶದಲ್ಲೆಲ್ಲ ಮಾತಾಗಿದ್ದವು. ಪರೀಕ್ಷೆಯ ವಿಡಿಯೊ ಟಿವಿಯಲ್ಲಿ ಓಡಿದ್ದು ಹಲವರಿಗೆ ನೆನಪಿರಬಹುದು.

ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು ನೀಡಿದ ತೀರ್ಪು ಇಂಥ ಪರೀಕ್ಷೆಗಳಿಗೆ ತಡೆಯೊಡ್ಡಿತು. ಒಪ್ಪಿಗೆಯಿಲ್ಲದೆ ಮಂಪರು, ಪಾಲಿಗ್ರಾಫ್, ಮೆದುಳಿನ ಪರೀಕ್ಷೆ ಮಾಡುವಂತಿಲ್ಲ. ಮಾಡಿದರೆ ಅದು ಸಂವಿಧಾನದ 20(3) ಮತ್ತು 21ನೇ ವಿಧಿಗಳ ಉಲ್ಲಂಘನೆ ಎಂದಿತು. ಆದರೆ ಆರೋಪಿ ಒಪ್ಪಿದರೆ ಮಾಡಬಹುದು, ಅದರಿಂದ ಮುಂದೆ ಪತ್ತೆಯಾದ ವಸ್ತುವನ್ನು ಸಾಕ್ಷ್ಯವಾಗಿಸಬಹುದು ಎಂದು ಬಾಗಿಲನ್ನು ಅರ್ಧ ತೆರೆದಿಟ್ಟಿತು. ಹದಿನೈದು ವರ್ಷದ ಬಳಿಕ, 2025ರ ಜೂನ್‌ನಲ್ಲಿ, ಬಿಹಾರದ ಅಮ್ಲೇಶ್ ಕುಮಾರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇದೇ ಮಾತನ್ನು ಮತ್ತೆ ಹೇಳಬೇಕಾಗಿ ಬಂತು. ಎಲ್ಲ ಆರೋಪಿಗಳಿಗೂ ಮಂಪರು ಪರೀಕ್ಷೆ ಮಾಡಿಸುತ್ತೇವೆ ಎಂಬ ತನಿಖಾಧಿಕಾರಿಯ ಮಾತನ್ನು ಹೈಕೋರ್ಟ್ ಜಾಮೀನು ಅರ್ಜಿಯ ವಿಚಾರಣೆಯಲ್ಲೇ ಒಪ್ಪಿಕೊಂಡಿತ್ತು. ನಮ್ಮ ಜೈಲುಗಳಲ್ಲಿರುವ ಪ್ರತಿ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಲಾಕಪ್ಪಿನಲ್ಲಿ ಕುಳಿತವನ ಮುಂದೆ ಒಪ್ಪಿಗೆಯ ಕಾಗದ ಹಿಡಿದಾಗ ಅವನಿಗಿರುವ ಆಯ್ಕೆ ಎಷ್ಟೆಂಬುದನ್ನು ಮನಶ್ಶಾಸ್ತ್ರ ಓದಿದವರು ಕೇಳದಿದ್ದರೆ ಇನ್ನಾರು ಕೇಳಬೇಕು?

ಮಾಡದ ತಪ್ಪನ್ನು ಯಾರಾದರೂ ಒಪ್ಪಿಕೊಳ್ಳುತ್ತಾರೆಯೇ ಎಂದು ಪ್ರತಿ ತರಗತಿಯಲ್ಲೂ ಒಬ್ಬರಾದರೂ ಕೇಳುತ್ತಾರೆ. ಒಪ್ಪಿಕೊಳ್ಳುತ್ತಾರೆ. ಸಾಲ್ ಕ್ಯಾಸಿನ್ ಮತ್ತು ಸಹೋದ್ಯೋಗಿ 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಒಂದು ಕೀಲಿಯನ್ನು ಮಾತ್ರ ಮುಟ್ಟಬೇಡಿ, ಯಂತ್ರ ಕೆಡುತ್ತದೆ ಎಂದು ಎಚ್ಚರಿಸಿದ್ದರು. ಯಾರೂ ಮುಟ್ಟಲಿಲ್ಲ. ಯಂತ್ರ ತಾನಾಗಿ ನಿಂತಿತು. ನೀವೇ ಮುಟ್ಟಿದಿರಿ ಎಂದು ದಬಾಯಿಸಿದಾಗ ಶೇ 69 ಮಂದಿ ತಪ್ಪೊಪ್ಪಿಗೆಗೆ ಸಹಿ ಹಾಕಿದರು. ಕೆಲವರು ತಾವೇ ಮುಟ್ಟಿದ್ದೆಂದು ನಿಜಕ್ಕೂ ನಂಬಿದರು. ಅಲ್ಲಿ ಲಾಠಿ ಇರಲಿಲ್ಲ, ರಾತ್ರಿಯಿಡೀ ನಿದ್ದೆಗೆಡಿಸಿದವರೂ ಇರಲಿಲ್ಲ. ಪ್ರಯೋಗಾಲಯದ ಸಹಿಗೂ ಕೊಲೆಯ ತಪ್ಪೊಪ್ಪಿಗೆಗೂ ಅಂತರವಿದೆ, ನಿಜ. ಆ ಅಂತರವನ್ನು ತುಂಬುವ ಘಟನೆ ನಮ್ಮಲ್ಲೇ ನಡೆದಿದೆ. 2017ರ ಸೆಪ್ಟೆಂಬರ್‌ನಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ ಏಳು ವರ್ಷದ ಬಾಲಕನ ಕೊಲೆಯಾಯಿತು. ಅಂದೇ ಪೊಲೀಸರು ಶಾಲಾ ಬಸ್ಸಿನ ಕಂಡಕ್ಟರ್‌ನನ್ನು ಬಂಧಿಸಿದರು; ಆತ ತಪ್ಪೊಪ್ಪಿಕೊಂಡಿದ್ದಾನೆ ಎಂದು ದೇಶವೆಲ್ಲ ನೋಡಿತು. ಪ್ರಕರಣ ಸಿಬಿಐಗೆ ಹೋದ ಮೇಲೆ ಆತನ ವಿರುದ್ಧ ಪುರಾವೆಯಿಲ್ಲವೆಂದಾಯಿತು, ಅದೇ ಶಾಲೆಯ ವಿದ್ಯಾರ್ಥಿಯ ಮೇಲೆ ಆರೋಪ ಬಂತು, 2018ರಲ್ಲಿ ಕಂಡಕ್ಟರ್ ಪ್ರಕರಣದಿಂದ ಬಿಡುಗಡೆಯಾದ. ಪೊಲೀಸರೆದುರು ಹೇಳಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಒಪ್ಪಬಾರದೆಂದು 1872ರ ಸಾಕ್ಷ್ಯ ಕಾಯ್ದೆಯೇ ಹೇಳಿತ್ತು. ಪ್ರಯೋಗಾಲಯದ ಮನಶ್ಶಾಸ್ತ್ರ ಇನ್ನೂ ಹುಟ್ಟದಿದ್ದ ಕಾಲದ ಆ ವಿವೇಕವನ್ನು ನಾವು ಟಿವಿ ಪರದೆಯ ಮುಂದೆ ಕುಳಿತು ಬಿಟ್ಟುಕೊಡುತ್ತಿದ್ದೇವೆ.

ಕಣ್ಣಾರೆ ಕಂಡವರ ಸಾಕ್ಷಿಯೂ ನಾವು ಭಾವಿಸುವಷ್ಟು ಗಟ್ಟಿಯಲ್ಲ. ಎಲಿಜಬೆತ್ ಲಾಫ್ಟಸ್ 1974ರಲ್ಲಿ ಅಪಘಾತಗಳ ಅವೇ ದೃಶ್ಯಗಳನ್ನು ವಿದ್ಯಾರ್ಥಿಗಳಿಗೆಲ್ಲ ತೋರಿಸಿ, ಕಾರುಗಳು ಅಪ್ಪಳಿಸಿದಾಗ ವೇಗ ಎಷ್ಟಿತ್ತು ಎಂದು ಕೆಲವರನ್ನೂ, ತಾಗಿದಾಗ ಎಷ್ಟಿತ್ತು ಎಂದು ಕೆಲವರನ್ನೂ ಕೇಳಿದರು. ಮೊದಲ ಗುಂಪು ಸರಾಸರಿ ಗಂಟೆಗೆ 40.8 ಮೈಲಿ ಎಂದಿತು, ಎರಡನೆಯದು 31.8. ಮತ್ತೊಂದು ಪ್ರಯೋಗದಲ್ಲಿ ವಾರದ ನಂತರ, ಒಡೆದ ಗಾಜು ಕಂಡಿತೇ ಎಂದು ಕೇಳಿದಾಗ, ಅಪ್ಪಳಿಸಿದವು ಎಂಬ ಮಾತು ಕೇಳಿದ್ದವರಲ್ಲಿ ಮೂರನೇ ಒಂದರಷ್ಟು ಮಂದಿ ಕಂಡಿತೆಂದರು. ದೃಶ್ಯದಲ್ಲಿ ಗಾಜು ಒಡೆದೇ ಇರಲಿಲ್ಲ. ಅಮೆರಿಕದಲ್ಲಿ 1989ರಿಂದ 2020ರವರೆಗೆ ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿಗಳೆಂದು ಸಾಬೀತಾದ 375 ಮಂದಿಯಲ್ಲಿ ಶೇ 69ರಷ್ಟು ಪ್ರಕರಣಗಳಲ್ಲಿ ಸಾಕ್ಷಿಗಳು ತಪ್ಪು ವ್ಯಕ್ತಿಯನ್ನು ಗುರುತಿಸಿದ್ದರು, ಶೇ 29ರಲ್ಲಿ ಸುಳ್ಳು ತಪ್ಪೊಪ್ಪಿಗೆ ಇತ್ತು. ಗುರುತು ಪತ್ತೆ ಪರೇಡಿಗೆ ಮೊದಲೇ ಆರೋಪಿಯ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ನಮ್ಮ ಊರುಗಳಲ್ಲಿ ಸಾಕ್ಷಿ ಗುರುತಿಸುವುದು ಯಾರನ್ನು? ಅಂದು ಕಂಡವನನ್ನೋ, ನಿನ್ನೆ ಫೋನಿನಲ್ಲಿ ಕಂಡವನನ್ನೋ, ಸಾಕ್ಷಿಗೇ ತಿಳಿಯದು.

ಹಲವರನ್ನು ಈ ಓದಿಗೆ ಎಳೆತರುವುದು ವೆಬ್ ಸರಣಿಗಳ ಪ್ರೊಫೈಲರ್. ಕೊಲೆ ನಡೆದ ಜಾಗ ನೋಡಿ ಕೊಲೆಗಾರನ ವಯಸ್ಸು, ಸ್ವಭಾವ, ಮನೆಯ ದಿಕ್ಕು ಹೇಳುವವನು. ಅಂಥವರಿಗೆ ಲಂಡನ್ನಿನ ವಿಂಬಲ್ಡನ್ ಪ್ರಕರಣವನ್ನು ಓದಲು ಹೇಳುತ್ತೇನೆ. 1992ರ ಜುಲೈನಲ್ಲಿ ಅಲ್ಲಿನ ಬಯಲಿನಲ್ಲಿ ತರುಣಿಯೊಬ್ಬಳನ್ನು ಅವಳ ಪುಟ್ಟ ಮಗನ ಕಣ್ಣೆದುರೇ ಕೊಂದರು. ಹೆಸರಾಂತ ಮನಶ್ಶಾಸ್ತ್ರಜ್ಞ ಪಾಲ್ ಬ್ರಿಟನ್ ಕೊಲೆಗಾರನ ಮನೋಚಿತ್ರ ಬರೆದುಕೊಟ್ಟರು. ಅದಕ್ಕೆ ಹೊಂದುವ ಒಬ್ಬ ಸಿಕ್ಕ. ವೇಷ ಮರೆಸಿದ ಮಹಿಳಾ ಪೊಲೀಸ್ ತಿಂಗಳುಗಟ್ಟಲೆ ಅವನ ಸ್ನೇಹ ಬೆಳೆಸಿ ಬಾಯಿ ಬಿಡಿಸಲು ನೋಡಿದರು. ಆತ ಒಪ್ಪಿಕೊಳ್ಳಲಿಲ್ಲ, ಆದರೂ 1993ರ ಆಗಸ್ಟ್‌ನಲ್ಲಿ ಬಂಧಿಸಿದರು. ಮರುವರ್ಷ ನ್ಯಾಯಾಧೀಶ ಆಗ್ನಲ್ ಆ ಸಾಕ್ಷ್ಯವನ್ನೆಲ್ಲ ತಳ್ಳಿಹಾಕಿದರು. ನಿಜವಾದ ಕೊಲೆಗಾರ ರಾಬರ್ಟ್ ನ್ಯಾಪರ್ ಎಂಬುದನ್ನು ತೋರಿಸಿದ್ದು ಡಿಎನ್‌ಎ. 2008ರಲ್ಲಿ ಅವನು ಒಪ್ಪಿಕೊಂಡ. ಈ ನಡುವೆ, ನಿರಪರಾಧಿ ಜೈಲಿನಲ್ಲಿದ್ದಾಗಲೇ, 1993ರ ನವೆಂಬರ್‌ನಲ್ಲಿ, ನ್ಯಾಪರ್ ಇನ್ನೊಬ್ಬ ತಾಯಿಯನ್ನೂ ಅವಳ ನಾಲ್ಕು ವರ್ಷದ ಮಗಳನ್ನೂ ಕೊಂದಿದ್ದ. ತಪ್ಪು ಮನಶ್ಶಾಸ್ತ್ರ ಕೇವಲ ಆರೋಪಿಗೆ ಅನ್ಯಾಯ ಮಾಡುತ್ತದೆ ಎನ್ನುವವರು ಆ ತಾಯಿ-ಮಗಳನ್ನು ನೆನೆಯಬೇಕು.

ಇನ್ನು ಬರಲಿರುವುದರ ಬಗ್ಗೆ. 2021ರ ಜನವರಿಯಲ್ಲಿ ಲಖನೌ ಪೊಲೀಸರು, ಸಂಕಟದಲ್ಲಿರುವ ಹೆಂಗಸರ ಮುಖಭಾವ ಓದಿ ಠಾಣೆಗೆ ಸುದ್ದಿ ಕೊಡುವ ಕ್ಯಾಮೆರಾಗಳನ್ನು ಹಾಕುತ್ತೇವೆಂದರು. ಮುಖಭಾವದಿಂದ ಒಳಗಿನ ಭಾವ ತಿಳಿಯಬಹುದೇ ಎಂದು ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತಿತರರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ 2019ರಲ್ಲಿ ಕೊಟ್ಟ ಉತ್ತರ, ನಂಬುವಂತೆ ತಿಳಿಯಲಾಗದು ಎಂಬುದು. ಅಮೆರಿಕದಲ್ಲಿ ಕಂಪಾಸ್ ಎಂಬ ತಂತ್ರಾಂಶ, ಆರೋಪಿ ಮತ್ತೆ ಅಪರಾಧ ಮಾಡುವನೇ ಎಂದು ಅಂಕ ಕೊಡುತ್ತದೆ. ಮುಂದೆ ತಪ್ಪು ಮಾಡದಿದ್ದ ಕರಿಯರಲ್ಲಿ ಶೇ 45ರಷ್ಟು ಮಂದಿಗೂ ಬಿಳಿಯರಲ್ಲಿ ಶೇ 23ರಷ್ಟು ಮಂದಿಗೂ ಅದು ಅಪಾಯಕಾರಿ ಎಂಬ ಹಣೆಪಟ್ಟಿ ಹಚ್ಚಿತ್ತೆಂದು ಪ್ರೊಪಬ್ಲಿಕಾ ಸುದ್ದಿಸಂಸ್ಥೆ 2016ರಲ್ಲಿ ಫ್ಲಾರಿಡಾದ ದಾಖಲೆಗಳಿಂದ ತೋರಿಸಿತು. ವ್ಯಕ್ತಿಯ ಸ್ವಭಾವ-ಲಕ್ಷಣಗಳನ್ನಷ್ಟೇ ನೋಡಿ ಅವನು ಅಪರಾಧ ಮಾಡುವನೆಂದು ಊಹಿಸುವ ಕೃತಕ ಬುದ್ಧಿಮತ್ತೆಯನ್ನು ಐರೋಪ್ಯ ಒಕ್ಕೂಟ 2025ರ ಫೆಬ್ರುವರಿಯಿಂದ ನಿಷೇಧಿಸಿದೆ. ನಮ್ಮಲ್ಲಿ ಅಂಥ ಕಾನೂನಿಲ್ಲ. ಬದಲಿಗೆ 2022ರ ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಬೆರಳಚ್ಚು, ಕಣ್ಪಾಪೆಗಳ ಜತೆಗೆ ವರ್ತನೆಯ ಲಕ್ಷಣಗಳನ್ನೂ ಸಂಗ್ರಹಿಸಲು ಅವಕಾಶ ಕೊಟ್ಟಿದೆ. ದಾಖಲೆಗಳನ್ನು 75 ವರ್ಷ ಇಡಬಹುದು.

ತಂತ್ರಾಂಶ ಕಲಿಯುವುದು ಠಾಣೆಯ ಹಳೆಯ ಕಡತಗಳಿಂದ. ಆ ಕಡತಗಳಲ್ಲಿ ಯಾರಿದ್ದಾರೆ ಎಂಬುದನ್ನು ತಿಳಿಯಲು ಹುಬ್ಬಳ್ಳಿಯ ಸೆಟ್ಲ್‌ಮೆಂಟ್‌ಗೆ ಹೋಗಬೇಕು. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮುಂದೆ ನಮ್ಮ ಕಡೆಗೂ ಹಬ್ಬಿ, ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದು, ಬೇಲಿಯೊಳಗೆ ಕೂಡಿಹಾಕಿತು. ಇಟಲಿಯ ಲೊಂಬ್ರೊಸೊ ತಲೆಬುರುಡೆ, ದವಡೆ ಅಳೆದು ಹುಟ್ಟು ಅಪರಾಧಿಗಳನ್ನು ಗುರುತಿಸಬಹುದೆಂದು ಪುಸ್ತಕ ಬರೆದದ್ದು 1876ರಲ್ಲಿ. ಅದನ್ನು ಅಂದು ವಿಜ್ಞಾನವೆಂದೇ ಓದಿದರು. ಕಾಯ್ದೆ 1952ರಲ್ಲಿ ರದ್ದಾಯಿತು, ಹುಬ್ಬಳ್ಳಿಯ ಆ ಬಡಾವಣೆಗೆ ಹೆಸರು ಮಾತ್ರ ಹಾಗೇ ಉಳಿಯಿತು. ರೂಢಿಗತ ಅಪರಾಧಿಗಳ ಕಾಯ್ದೆಯೆಂಬ ಹೊಸ ಹೆಸರಿನಲ್ಲಿ ಅದೇ ಅನುಮಾನವೂ ಉಳಿಯಿತು. ಇಂಥ ಶತಮಾನದ ಅನುಮಾನವನ್ನು ದತ್ತಾಂಶವೆಂದು ಯಂತ್ರಕ್ಕೆ ಉಣಿಸಿದರೆ, ಅದು ಅದೇ ಕೇರಿಗಳತ್ತ ಬೆರಳು ತೋರಿಸುತ್ತದೆ; ಈ ಸಲ ಯಾರ ಪೂರ್ವಗ್ರಹವೆಂದು ಕೇಳಲು ಎದುರಿಗೆ ಮನುಷ್ಯನೂ ಇರುವುದಿಲ್ಲ.

ಮಾಡಬೇಕಾದ ಕೆಲಸ ಈ ಶಾಸ್ತ್ರದಲ್ಲಿ ಬೇಕಾದಷ್ಟಿದೆ. ಬರ್ಮಿಂಗ್‌ಹ್ಯಾಮ್, ಗಿಲ್ಡ್‌ಫರ್ಡ್ ಪ್ರಕರಣಗಳಲ್ಲಿ ನಿರಪರಾಧಿಗಳು ವರ್ಷಾನುಗಟ್ಟಲೆ ಜೈಲಿನಲ್ಲಿದ್ದ ಮೇಲೆ ಇಂಗ್ಲೆಂಡ್ 1990ರ ದಶಕದಲ್ಲಿ ಪೊಲೀಸ್ ವಿಚಾರಣೆಯ ಕ್ರಮವನ್ನೇ ಬದಲಿಸಿತು: ಬಾಯಿ ಬಿಡಿಸುವುದರ ಬದಲು ಮಾಹಿತಿ ಕೇಳಿ ಆಲಿಸುವುದು. ಅದರ ಹಿಂದೆ ಮನಶ್ಶಾಸ್ತ್ರಜ್ಞರ ಸಂಶೋಧನೆಯಿತ್ತು. ಪೋಕ್ಸೊ ಪ್ರಕರಣದ ಮಗುವಿಗೆ ಉತ್ತರ ಬಾಯಿಗಿಡದೆ ಪ್ರಶ್ನೆ ಕೇಳುವುದು ದೊಡ್ಡ ವಿದ್ಯೆ. ಬಾಲನ್ಯಾಯ ಕಾಯ್ದೆಯಡಿ 16ರಿಂದ 18ರ ಹುಡುಗನ ಮಾನಸಿಕ ಸಾಮರ್ಥ್ಯ ಅಳೆಯುವಾಗ, ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಬಲ್ಲವರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು, ಅದೂ ಗುರುಗ್ರಾಮದ ಅದೇ ಪ್ರಕರಣದಲ್ಲಿ.

ಈ ಓದಿಗೆ ಸೇರುವ ಮೊದಲು ನಿಮ್ಮ ವಿಭಾಗದ ಪಠ್ಯಕ್ರಮ ತರಿಸಿ ನೋಡಿ. ಮಂಪರು, ಬಿಯೋಸ್, ಮುಖಭಾವ ಓದುವ ತಂತ್ರಗಳನ್ನು ಸಾಧನಗಳೆಂದು ಕಲಿಸುತ್ತಿದ್ದರೆ, ಅವುಗಳ ತಪ್ಪಿನ ಪ್ರಮಾಣ ಎಷ್ಟು, ಅದನ್ನು ಅಳೆದವರು ಯಾರು, ಅಳೆದವರು ಯಂತ್ರ ಮಾರುವವರೇ ಹೌದೋ ಅಲ್ಲವೋ ಎಂದು ಕೇಳಿ. ಉತ್ತರ ಬರುವವರೆಗೆ ಕೇಳುತ್ತಲೇ ಇರಿ. ಮುಂದೊಂದು ದಿನ ತಜ್ಞರಾಗಿ ಕಟಕಟೆ ಏರಿದಾಗ ಇದೇ ಪ್ರಶ್ನೆಯನ್ನು ನಿಮಗೂ ಕೇಳುವಂತೆ ವಕೀಲರಿಗೆ ನೀವೇ ಹೇಳಿಕೊಡಿ.