ಟ್ರ್ಯಾಕ್ಟರ್ ಸಾಲ: ಬಡ್ಡಿಯಲ್ಲಿ ಅಡಗಿದ ದಲಾಲಿಯನ್ನು ಗುರುತಿಸಿರಿ

ತೊಗರಿ ರಾಶಿ ಮುಗಿದು ಮಾಲು ಪೇಟೆಗೆ ಹೋದ ಮೇಲೆ ಆಳಂದ ತಾಲೂಕಿನ ಸರಸಂಬಾ ಸುತ್ತಿನ ಹಳ್ಳಿಗಳಲ್ಲಿ ಟ್ರ್ಯಾಕ್ಟರ್ ಖರೀದಿಯ ಮಾತು ಏಳುವುದು ಸಹಜ. ಎರಿ ಭೂಮಿಯ ಹದ ಕೆಲವೇ ದಿನ ನಿಲ್ಲುತ್ತದೆ. ಆ ದಿನಗಳಲ್ಲಿ ಬಾಡಿಗೆ ಟ್ರ್ಯಾಕ್ಟರಿಗಾಗಿ ಕಾದು ಕುಳಿತರೆ ಬಿತ್ತನೆಯ ಕಾಲ ತಪ್ಪುತ್ತದೆ. ಆದ್ದರಿಂದ ಸ್ವಂತ ಯಂತ್ರ ಬೇಕೆನ್ನುವ ರೈತ ಬಾಂಧವರ ಆಸೆ ತಪ್ಪಲ್ಲ. ಆದರೆ ಅಶ್ವಶಕ್ತಿ, ಟೈರು, ಡೀಸೆಲ್ ಖರ್ಚುಗಳನ್ನು ಹತ್ತು ಸಲ ವಿಚಾರಿಸುವ ರೈತರು ಸಾಲದ ಬಡ್ಡಿಯನ್ನು ಮಾತ್ರ ಶೋರೂಮಿನವರು ಹೇಳಿದಂತೆ ಒಪ್ಪಿ ಸಹಿ ಹಾಕುವುದುಂಟು. ನಷ್ಟ ಆಗುವುದು ಅಲ್ಲಿಯೇ.

ಡೀಲರರಿಗೆ ಲಾಭ ಎಲ್ಲಿಂದ?

ಡೀಲರರ ಲಾಭ ಟ್ರ್ಯಾಕ್ಟರಿನ ಬೆಲೆಯಲ್ಲಿ ಮಾತ್ರ ಇದೆಯೆಂದು ತಿಳಿಯಬೇಡಿರಿ. ಹಳೆಯ ಟ್ರ್ಯಾಕ್ಟರಿನ ಬದಲಿ ವ್ಯವಹಾರ, ವಿಮೆ, ಬಿಡಿ ಉಪಕರಣಗಳು ಮತ್ತು ಸಾಲ, ಇವುಗಳಲ್ಲಿಯೂ ಲಾಭ ಉಂಟು. ಸಾಲಗಾರರನ್ನು ತಂದುಕೊಟ್ಟ ಡೀಲರರಿಗೆ ಬ್ಯಾಂಕು ಅಥವಾ ಫೈನಾನ್ಸ್ ಕಂಪನಿ ಕಮಿಷನ್ ಕೊಡುವ ಪದ್ಧತಿ ಇದೆ. ಈ ಕಮಿಷನ್ ಸಾಲದ ಮೊತ್ತಕ್ಕೋ ಬಡ್ಡಿಯ ದರಕ್ಕೋ ತಳುಕು ಹಾಕಿಕೊಂಡಿದ್ದರೆ, ದುಬಾರಿ ಸಾಲವನ್ನೇ ಒಳ್ಳೆಯ ಸಾಲವೆಂದು ಹೇಳುವ ಆಸೆ ಡೀಲರರಿಗೆ ಹುಟ್ಟುತ್ತದೆ. ಎಲ್ಲ ಡೀಲರರೂ ಹೀಗೆ ಮಾಡುತ್ತಾರೆಂದಲ್ಲ. ಆದರೆ ಅಡತಿ ಅಂಗಡಿಯ ಪಟ್ಟಿಯಲ್ಲಿ ಹಮಾಲಿ, ತೂಕದ ಕೂಲಿ ಬೇರೆ ಬೇರೆ ಬರೆದಿರುವಂತೆ ಸಾಲದ ದಲಾಲಿಯನ್ನು ಯಾರೂ ಬರೆದು ತೋರಿಸುವುದಿಲ್ಲ. ಅದು ಕಂತಿನಲ್ಲಿಯೇ ಸೇರಿಹೋಗಿರುತ್ತದೆ.

ಇದು ನಮ್ಮಲ್ಲಿ ಮಾತ್ರ ಇರುವ ಸಮಸ್ಯೆಯಲ್ಲ. ಅಮೆರಿಕದಲ್ಲಿ ಸಾಲ ಕೊಡುವ ಕಂಪನಿ ಹೇಳಿದ ದರದ ಮೇಲೆ ಕಾರು ಡೀಲರರು ತಮ್ಮದೊಂದಿಷ್ಟು ಬಡ್ಡಿ ಸೇರಿಸುವ ರೂಢಿ ಇದೆ. ಹೀಗೆ ಸೇರಿಸುವಾಗ ಕರಿಯರು ಮತ್ತಿತರ ಅಲ್ಪಸಂಖ್ಯಾತರಿಂದ ಹೆಚ್ಚು ವಸೂಲಾಗಿದೆ ಎಂಬ ಆರೋಪದ ಮೇಲೆ 2013ರ ಡಿಸೆಂಬರಿನಲ್ಲಿ ಆಲಿ ಎಂಬ ಕಂಪನಿ 9 ಕೋಟಿ 80 ಲಕ್ಷ ಡಾಲರ್ ತೆರಬೇಕಾಯಿತು. ಬ್ರಿಟನ್ನಿನಲ್ಲಿ ಬಡ್ಡಿ ಏರಿಸಿದಷ್ಟೂ ಡೀಲರರ ಕಮಿಷನ್ ಏರುವ ಏರ್ಪಾಡನ್ನು 2021ರ ಜನವರಿ 28ರಿಂದ ನಿಷೇಧಿಸಲಾಗಿದೆ.

ಎರಡು ಪರ್ಸೆಂಟು ಎಂದರೆ ಎಷ್ಟು?

“ಎರಡು ಪರ್ಸೆಂಟಿನಲ್ಲಿ ಏನು ಬಂತು” ಎಂಬ ಮಾತು ಕೇಳಿಬರುತ್ತದೆ. ಲೆಕ್ಕ ಮಾಡಿ ನೋಡೋಣ. 6 ಲಕ್ಷ ರೂಪಾಯಿ ಸಾಲ, 5 ವರ್ಷದ ಅವಧಿ, ಆರು ತಿಂಗಳಿಗೊಂದರಂತೆ 10 ಸಮ ಕಂತು ಎಂದಿಟ್ಟುಕೊಳ್ಳಿರಿ. ಉಳಿದ ಬಾಕಿಯ ಮೇಲೆ ವರ್ಷಕ್ಕೆ ಶೇ. 12ರ ಬಡ್ಡಿಯಾದರೆ ಒಂದು ಕಂತು ಸುಮಾರು 81,520 ರೂಪಾಯಿ. ಅದೇ ಶೇ. 14 ಆದರೆ ಸುಮಾರು 85,430 ರೂಪಾಯಿ. ಹತ್ತು ಕಂತಿಗೆ ವ್ಯತ್ಯಾಸ ಸುಮಾರು 39,000 ರೂಪಾಯಿ. 2025-26ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಅಂದರೆ ಆ ಎರಡು ಪರ್ಸೆಂಟಿಗಾಗಿ ನೀವು ಸುಮಾರು 5 ಕ್ವಿಂಟಲ್ ತೊಗರಿ ಕೊಟ್ಟಂತಾಯಿತು.

ಫ್ಲಾಟ್ ಬಡ್ಡಿಯ ಮೋಸ

ಇದಕ್ಕಿಂತ ದೊಡ್ಡ ಪೆಟ್ಟು ಫ್ಲಾಟ್ ಬಡ್ಡಿಯದು. ಬ್ಯಾಂಕಿನವರು ಶೇ. 12 ಎನ್ನುತ್ತಾರೆ, ಶೋರೂಮಿನಲ್ಲಿ “ನಮ್ಮದು ಹನ್ನೊಂದೇ” ಎನ್ನುತ್ತಾರೆ ಎಂದುಕೊಳ್ಳಿರಿ. ಆ ಹನ್ನೊಂದು ಫ್ಲಾಟ್ ಆಗಿದ್ದರೆ, ನೀವು ಕಂತು ಕಟ್ಟಿ ಅಸಲು ಇಳಿಸುತ್ತ ಬಂದರೂ ಬಡ್ಡಿ ಮಾತ್ರ ಕೊನೆಯವರೆಗೆ ಪೂರ್ತಿ 6 ಲಕ್ಷದ ಮೇಲೆಯೇ ಬೀಳುತ್ತದೆ. ವರ್ಷಕ್ಕೆ 66,000ದಂತೆ 5 ವರ್ಷಕ್ಕೆ ಬಡ್ಡಿ 3,30,000 ರೂಪಾಯಿ, ಕಂತು 93,000 ರೂಪಾಯಿ. ಬಾಕಿಯ ಮೇಲೆ ಶೇ. 12ರ ಸಾಲಕ್ಕೆ ಒಟ್ಟು ಬಡ್ಡಿ ಸುಮಾರು 2,15,200 ರೂಪಾಯಿ ಮಾತ್ರ. ಸೋವಿಯೆಂದು ಹೇಳಿದ ಸಾಲ 1,14,800 ರೂಪಾಯಿಯಷ್ಟು ದುಬಾರಿಯಾಯಿತು! ಬಾಕಿಯ ಲೆಕ್ಕಕ್ಕೆ ತಿರುಗಿಸಿದರೆ ಆ ಹನ್ನೊಂದು ನಿಜವಾಗಿ ಶೇ. 17.8ರ ಸಮೀಪ ಬರುತ್ತದೆ.

ನಮ್ಮ ಬೇಸಾಯ ಮಳೆಯನ್ನು ನಂಬಿದ್ದು. 2022ರ ಹಂಗಾಮಿನಲ್ಲಿ ನೆಟೆ ರೋಗ ಜಿಲ್ಲೆಯ ತೊಗರಿಯನ್ನು ನಿಂತಲ್ಲೇ ಒಣಗಿಸಿತು. 2025ರಲ್ಲಿ ಅತಿವೃಷ್ಟಿ ಬೆಳೆ ಕೆಡಿಸಿತು. ಅಂಥ ವರ್ಷದಲ್ಲಿಯೂ ಕಂತಿನ ದಿನ ತಪ್ಪದೆ ಬರುತ್ತದೆ. ಒಂದು ಕಂತಿನಲ್ಲಿ ಹೆಚ್ಚು ಬೀಳುವ ಸುಮಾರು 11,500 ರೂಪಾಯಿ, ಟ್ರ್ಯಾಕ್ಟರು ಅಂಗಳದಲ್ಲಿ ಉಳಿಯುವುದೋ ಫೈನಾನ್ಸಿನವರ ಪಾಲಾಗುವುದೋ ಎಂಬುದನ್ನು ನಿರ್ಧರಿಸಬಹುದು.

ಕಾಯಿದೆ ನಿಮ್ಮ ಕಡೆ ಇದೆ

2024ರ ಅಕ್ಟೋಬರ್ 1ರಿಂದೀಚೆಗೆ ವ್ಯಕ್ತಿಗಳಿಗೆ ಮಂಜೂರಾಗುವ ಅವಧಿ ಸಾಲಗಳಿಗೆ ಪ್ರಮುಖ ಅಂಶಗಳ ಹೇಳಿಕೆಯನ್ನು, ಅಂದರೆ ಕೆ.ಎಫ್.ಎಸ್. ಕಾಗದವನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಫೈನಾನ್ಸ್ ಕಂಪನಿಗಳಿಗೂ ಇದು ಅನ್ವಯ. ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಬಡ್ಡಿ ಹಾಗೂ ಎಲ್ಲ ಶುಲ್ಕ ಸೇರಿಸಿದ ನಿಜವಾದ ವಾರ್ಷಿಕ ದರ, ಅಂದರೆ ಎ.ಪಿ.ಆರ್., ಅದರಲ್ಲಿ ಬರೆದಿರಬೇಕು. ಆ ಕಾಗದದಲ್ಲಿ ಇಲ್ಲದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲು ಮಾಡುವಂತಿಲ್ಲ. ಒಪ್ಪುವುದೋ ಬಿಡುವುದೋ ಎಂದು ಯೋಚಿಸಲು ಕನಿಷ್ಠ 3 ಕೆಲಸದ ದಿನಗಳ ಅವಕಾಶವೂ ಇದೆ. “ಇವತ್ತೇ ಸಹಿ ಹಾಕದಿದ್ದರೆ ಆಫರ್ ಹೋಗುತ್ತದೆ” ಎಂಬ ಮಾತಿಗೆ ಅವಸರ ಮಾಡಬೇಡಿರಿ.

ಖರೀದಿಗೆ ಮುನ್ನ ಹೀಗೆ ಮಾಡಿರಿ

1. ಮೊದಲು ಟ್ರ್ಯಾಕ್ಟರಿನ ನಗದು ಬೆಲೆಯ ಕೊಟೇಶನ್ ಬರೆಸಿಕೊಳ್ಳಿರಿ. 2025ರ ಸೆಪ್ಟೆಂಬರ್ 22ರಿಂದ ಕೃಷಿ ಟ್ರ್ಯಾಕ್ಟರಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ಅದು ಬೆಲೆಯಲ್ಲಿ ಕಾಣಬೇಕು. ಸಾಲದ ಮಾತು ಆಮೇಲೆ.

2. ಶೋರೂಮಿಗೆ ಹೋಗುವ ಮೊದಲು ನಿಮ್ಮ ಖಾತೆ ಇರುವ ಬ್ಯಾಂಕಿನಲ್ಲಿಯೂ ಊರಿನ ಸಹಕಾರ ಸಂಘದಲ್ಲಿಯೂ ವಿಚಾರಿಸಿರಿ. ಸಹಕಾರ ಸಂಸ್ಥೆಗಳ ಮೂಲಕ ಶೇ. 3ರ ಬಡ್ಡಿಯ ಮಧ್ಯಮಾವಧಿ, ದೀರ್ಘಾವಧಿ ಕೃಷಿ ಸಾಲದ ಮಿತಿಯನ್ನು ರಾಜ್ಯ ಸರಕಾರ 2023-24ರಲ್ಲಿ 10 ಲಕ್ಷದಿಂದ 15 ಲಕ್ಷಕ್ಕೆ ಏರಿಸಿತು. ನಿಮ್ಮ ಖರೀದಿಗೆ ಅದು ದೊರೆಯುವುದೇ ಎಂದು ಕಾರ್ಯದರ್ಶಿಯನ್ನು ಕೇಳಿರಿ.

3. “ಫ್ಲಾಟೋ, ಬಾಕಿಯ ಮೇಲೋ? ಎ.ಪಿ.ಆರ್. ಎಷ್ಟು?” ಎಂದು ಕೇಳಿ ಬರೆಸಿಕೊಳ್ಳಿರಿ. ಎರಡು ಸಾಲಗಳನ್ನು ಹೋಲಿಸುವಾಗ ಕಂತಿನ ಮೊತ್ತವಲ್ಲ, ಎ.ಪಿ.ಆರ್. ಮತ್ತು ಒಟ್ಟು ಕಟ್ಟುವ ಹಣವನ್ನು ನೋಡಿರಿ. ಅವಧಿ ಉದ್ದವಾದರೆ ಕಂತು ಚಿಕ್ಕದಾಗಿ ಕಂಡರೂ ಬಡ್ಡಿ ಬೆಳೆಯುತ್ತದೆ.

4. ಕಂತುಗಳು ರಾಶಿಯ ನಂತರ ಬರುವಂತೆ ಗೊತ್ತುಮಾಡಿಸಿರಿ. ಅವಧಿಗೆ ಮುಂಚೆ ಸಾಲ ತೀರಿಸಿದರೆ ದಂಡವೆಷ್ಟು ಎಂದೂ ಕೇಳಿರಿ.

5. ಬೇಡದ ವಿಮೆ, ಬೇಡದ ಉಪಕರಣ ಸಾಲದಲ್ಲಿ ಸೇರಿವೆಯೇ ನೋಡಿರಿ. ಖಾಲಿ ಕಾಗದಕ್ಕೆ ಎಂದಿಗೂ ಸಹಿ ಮಾಡಬೇಡಿರಿ.

6. ಸಾಲ ತೀರಿದ ಮೇಲೆ ನಿರಾಕ್ಷೇಪಣಾ ಪತ್ರ ಹಾಗೂ ನಮೂನೆ 35 ಪಡೆದು, ಆರ್.ಟಿ.ಓ. ಕಚೇರಿಯಲ್ಲಿ ಆರ್.ಸಿ. ಪುಸ್ತಕದ ಮೇಲಿನ ಸಾಲದ ನಮೂದನ್ನು ತೆಗೆಸಿರಿ.

ಅನ್ಯಾಯವಾಯಿತೆಂದು ಕಂಡರೆ ಮೊದಲು ಸಾಲ ಕೊಟ್ಟವರಿಗೇ ಬರಹದಲ್ಲಿ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ಬರೆಯಬಹುದು. ಇದಕ್ಕೆ ಶುಲ್ಕವಿಲ್ಲ. ಮಾಹಿತಿಗೆ ದೂರವಾಣಿ 14448.

ಬೀಜ ಕೊಳ್ಳುವಾಗ ಮೊಳಕೆ ಪ್ರಮಾಣ ನೋಡುವಂತೆ ಸಾಲ ಕೊಳ್ಳುವಾಗ ನಿಜವಾದ ದರ ನೋಡುವುದು ರೂಢಿಯಾಗಲಿ. ಓದು ಬಲ್ಲ ಮಗನನ್ನೋ ಮಗಳನ್ನೋ ಜೊತೆಗೆ ಕರೆದೊಯ್ದು, ಕಾಗದವನ್ನು ಮನೆಗೆ ತಂದು ಪೂರ್ತಿ ಓದಿಸಿದ ಮೇಲೆಯೇ ಸಹಿ ಹಾಕಿರಿ.