ಬದಲಾವಣೆಗಳ ಕಸಿ

ಸಾವಿರಾರು ಮಂದಿ ಕೂಡಿ ಒಂದೇ ಗ್ರಂಥವನ್ನು ಬರೆಯುತ್ತಿರುವರೆಂದು ಭಾವಿಸೋಣ. ಒಬ್ಬನು ಮೊದಲ ಅಧ್ಯಾಯದ ತಪ್ಪನ್ನು ತಿದ್ದುತ್ತಿರುವಾಗಲೇ ಮತ್ತೊಬ್ಬನು ಅದೇ ಅಧ್ಯಾಯಕ್ಕೆ ಹೊಸ ಪುಟವೊಂದನ್ನು ಸೇರಿಸುತ್ತಿರುವನು. ಯಾರು, ಯಾವಾಗ, ಏನನ್ನು, ಏಕೆ ಬದಲಿಸಿದರೆಂಬ ಲೆಕ್ಕವಿಲ್ಲದಿದ್ದರೆ ಗ್ರಂಥವು ಕೆಲವೇ ದಿನಗಳಲ್ಲಿ ಗೊಂದಲದ ಗೂಡಾಗುವುದು. ಗಣಕಯಂತ್ರಗಳ ಪ್ರೋಗ್ರಾಮುಗಳ ಸ್ಥಿತಿಯೂ ಇಂತಹುದೇ. ಈ ಲೆಕ್ಕವನ್ನಿಡುವ ಸಾಧನಗಳಿಗೆ ಆವೃತ್ತಿ ನಿಯಂತ್ರಣ ವ್ಯವಸ್ಥೆಗಳೆಂದು ಹೆಸರು. ಇವುಗಳಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವುದು ಗಿಟ್. ಫಿನ್ಲೆಂಡಿನಲ್ಲಿ ಹುಟ್ಟಿದ ಲೀನಸ್ ಟೋರ್ವಾಲ್ಡ್ಸ್ ಅವರು 2005ರ ಏಪ್ರಿಲ್ ತಿಂಗಳಲ್ಲಿ ಇದನ್ನು ರಚಿಸತೊಡಗಿದರು. ಲಿನಕ್ಸ್ ಕರ್ನೆಲ್, ಎಂದರೆ ಯಂತ್ರದ ಅಂಗಗಳಿಗೂ ಇತರ ಪ್ರೋಗ್ರಾಮುಗಳಿಗೂ ನಡುವೆ ನಿಂತು ಎಲ್ಲವನ್ನೂ ನಡೆಸುವ ಮೂಲ ಪ್ರೋಗ್ರಾಮು, ಇದರ ರಚನೆಗೆ ನೆರವಾಗುವುದೇ ಅವರ ಉದ್ದೇಶವಾಗಿತ್ತು.

ಗಿಟ್‌ನಲ್ಲಿ ದಾಖಲಾಗುವ ಒಂದೊಂದು ಹೆಜ್ಜೆಗೂ ಕಮಿಟ್ ಎಂದು ಹೆಸರು. ಆ ಗಳಿಗೆಯಲ್ಲಿ ಕಡತಗಳೆಲ್ಲ ಹೇಗಿದ್ದುವೆಂಬ ಚಿತ್ರ, ಹಿಂದಿನ ಕಮಿಟ್‌ನ ಗುರುತು, ಬರೆದವರ ಹೆಸರು, ಕಾಲ, ಬದಲಾವಣೆಯ ಕಾರಣ, ಇವಿಷ್ಟೂ ಅದರಲ್ಲಿ ಅಡಕವಾಗಿರುವುವು. ಇವೆಲ್ಲವನ್ನೂ ಒಂದು ಗಣಿತ ವಿಧಾನಕ್ಕೆ ಒಳಪಡಿಸಿದಾಗ, ಸಾಮಾನ್ಯವಾಗಿ 40 ಅಂಕಾಕ್ಷರಗಳ ಗುರುತೊಂದು ದೊರೆಯುವುದು. ಅದೇ ಆ ಕಮಿಟ್‌ನ ಹೆಸರು. ಒಳಗಿನ ಒಂದಕ್ಷರ ಬದಲಾದರೂ ಹೆಸರು ಬೇರೆಯಾಗುವುದು. ಹಿಂದಿನದರ ಗುರುತು ಮುಂದಿನದರಲ್ಲಿ ಸೇರಿರುವುದರಿಂದ ಇವೆಲ್ಲವೂ ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಬೆಸೆದುಕೊಂಡಿರುವುವು.

ಈ ಸರಪಳಿಯಿಂದ ಒಂದೇ ಬದಲಾವಣೆಯನ್ನು ಬಿಡಿಸಿ ಬೇರೆಡೆಗೆ ಒಯ್ಯುವುದು ಸಾಧ್ಯವೇ? ಸಾಧ್ಯವುಂಟು. ಒಂದು ಕಮಿಟ್‌ನ ಚಿತ್ರವನ್ನು ಅದರ ಹಿಂದಿನದರೊಡನೆ ಹೋಲಿಸಿದರೆ, ಯಾವ ಸಾಲು ಹೋಯಿತು, ಯಾವುದು ಬಂದಿತು ಎಂಬ ವ್ಯತ್ಯಾಸ ಮಾತ್ರ ಉಳಿಯುವುದು. ಆ ವ್ಯತ್ಯಾಸವನ್ನು ಮತ್ತೊಂದು ಶಾಖೆಗೆ ಅಳವಡಿಸಬಹುದು. ಈ ಕ್ರಿಯೆಯನ್ನು ಚೆರಿ ಪಿಕ್ ಎನ್ನುವರು. ಒಳ್ಳೆಯ ಮಾವಿನ ಕುಡಿಯನ್ನು ಮತ್ತೊಂದು ಗಿಡಕ್ಕೆ ಕಸಿ ಮಾಡುವಂತಹ ಕೆಲಸವಿದು.

ಇದರ ಪ್ರಯೋಜನಕ್ಕೆ ಒಂದು ನಿದರ್ಶನವನ್ನು ನೋಡೋಣ. 2016ರ ಅಕ್ಟೋಬರಿನಲ್ಲಿ ಡರ್ಟಿ ಕೌ ಎಂಬ ದೋಷವೊಂದು ಬೆಳಕಿಗೆ ಬಂದಿತು. ಓದುವ ಅಧಿಕಾರ ಮಾತ್ರವಿದ್ದ ಕಡತವನ್ನು ಸಾಮಾನ್ಯ ಬಳಕೆದಾರನೂ ತಿದ್ದಿ, ಇಡೀ ಯಂತ್ರದ ಒಡೆತನವನ್ನು ಕೈವಶ ಮಾಡಿಕೊಳ್ಳಲು ಇದು 2007ರ 2.6.22ನೆಯ ಆವೃತ್ತಿಯಿಂದಲೂ ಎಡೆಗೊಟ್ಟಿತ್ತು. ಟೋರ್ವಾಲ್ಡ್ಸ್ ಅವರು ಮುಖ್ಯ ಶಾಖೆಯಲ್ಲಿ ಇದನ್ನು ಸರಿಪಡಿಸಿದರು. ಆದರೆ ಹಳೆಯ ಆವೃತ್ತಿಗಳನ್ನು ಬಳಸುತ್ತಿದ್ದವರ ಗತಿಯೇನು? ಮುಖ್ಯ ಶಾಖೆಯ ಹೊಸ ಕೆಲಸವನ್ನೆಲ್ಲ ಅವರ ಮೇಲೆ ಹೇರಿದರೆ ಹೊಸ ತೊಂದರೆಗಳು ಹುಟ್ಟಿಯಾವು. ಆದುದರಿಂದ ಆ ತಿದ್ದುಪಡಿಯೊಂದನ್ನೇ ಹಳೆಯ ಶಾಖೆಗಳಿಗೆ ಒಯ್ದು, 4.4.26, 4.7.9, 4.8.3 ಎಂಬ ಆವೃತ್ತಿಗಳನ್ನು ಅದೇ ತಿಂಗಳು ಹೊರತರಲಾಯಿತು.

ಕಸಿ ಎಲ್ಲ ವೇಳೆಯಲ್ಲಿಯೂ ಕೂಡಿಕೊಳ್ಳದು. ತಿದ್ದಬೇಕಾದ ಸಾಲುಗಳೇ ಹಳೆಯ ಶಾಖೆಯಲ್ಲಿ ಬೇರೆ ರೂಪದಲ್ಲಿದ್ದರೆ ಗಿಟ್ ಕೆಲಸವನ್ನು ನಿಲ್ಲಿಸಿ, ನಿರ್ಣಯವನ್ನು ಮನುಷ್ಯನಿಗೇ ಬಿಡುವುದು. ಗುರುತು ತಗಲದೆ ಕೂಡಿಕೊಂಡರೂ ಅರ್ಥ ಕೆಟ್ಟಿರಬಹುದು. ಸಾಲುಗಳನ್ನು ಹೊಂದಿಸಬಲ್ಲ ಯಂತ್ರವು ಅವುಗಳ ಅಭಿಪ್ರಾಯವನ್ನು ಅರಿಯಲಾರದು. ಮೇಲಾಗಿ, ಹೊಸ ತಾಣದಲ್ಲಿ ಅದರ ಹಿಂದಿನ ಕೊಂಡಿ ಬೇರೆಯಾದುದರಿಂದ ಹೆಸರೂ ಬೇರೆಯಾಗುವುದು. ಆದಕಾರಣವೇ ಹಳೆಯ ಶಾಖೆಗಳಲ್ಲಿ ಮೂಲ ಕಮಿಟ್‌ನ ಗುರುತನ್ನೂ ಬರೆದಿಡುವ ಪದ್ಧತಿಯಿದೆ.

ಸ್ಥಳಾಂತರಿಸುವಂತೆ ಪರಿಷ್ಕರಿಸುವುದೂ ಉಂಟು. ಕೊನೆಯ ಕಮಿಟ್ಟನ್ನು ತಿದ್ದುವುದಕ್ಕೆ ಅಮೆಂಡ್ ಎಂದೂ, ಕಮಿಟ್‌ಗಳ ಸಾಲನ್ನೇ ಹೊಸ ಬುಡದ ಮೇಲೆ ಕ್ರಮವಾಗಿ ಮತ್ತೆ ಕಟ್ಟುವುದಕ್ಕೆ ರೀಬೇಸ್ ಎಂದೂ ಹೆಸರು. ನಡುವಿನದೊಂದನ್ನು ತಿದ್ದಿದರೆ ಅದರ ಮುಂದಿನವುಗಳೆಲ್ಲದರ ಹೆಸರೂ ಬದಲಾಗುವುದು. ನಿಜವಾಗಿ ಇಲ್ಲಿ ಹಳೆಯದು ಮಾರ್ಪಡುವುದಿಲ್ಲ. ಅದರ ಬದಲಿಗೆ ಹೊಸದು ಹುಟ್ಟುವುದು. ನಮ್ಮ ಬಳಿಯೇ ಇರುವ ಕರಡನ್ನು ಹೀಗೆ ಎಷ್ಟು ಸಲ ತಿದ್ದಿದರೂ ಬಾಧಕವಿಲ್ಲ. ಇತರರು ತಮ್ಮ ಕೆಲಸಕ್ಕೆ ತಳಹದಿಯಾಗಿ ಸ್ವೀಕರಿಸಿದುದನ್ನು ಹೇಳದೆ ತಿದ್ದಿದರೆ ಮಾತ್ರ ಅವರ ಸರಪಳಿಯು ನಮ್ಮದರೊಡನೆ ಹೊಂದದೆ ಹೋಗುವುದು.

ಪ್ರಕಟವಾದ ಚರಿತ್ರೆಯನ್ನು ಕಾಪಾಡುವುದಕ್ಕೆ ಇನ್ನೂ ಒಂದು ಕಾರಣವುಂಟು. ಡರ್ಟಿ ಕೌ ದೋಷವನ್ನು ನೀಗಿಸಿದ ಕಮಿಟ್‌ನಲ್ಲಿ ಟೋರ್ವಾಲ್ಡ್ಸ್ ಅವರು ಹನ್ನೊಂದು ವರ್ಷಗಳ ಹಿಂದಿನ ತಮ್ಮದೇ ವಿಫಲ ಪ್ರಯತ್ನವನ್ನೂ, ಎಸ್/390 ವರ್ಗದ ಯಂತ್ರಗಳಲ್ಲಿ ತೊಂದರೆಯಾದುದರಿಂದ ಅದನ್ನು ಕೈಬಿಟ್ಟ ಮತ್ತೊಂದು ಬದಲಾವಣೆಯನ್ನೂ ಅವುಗಳ ಗುರುತುಗಳ ಸಹಿತ ನಮೂದಿಸಿದರು. ಹಳೆಯ ತಪ್ಪು ನಾಚಿಕೆಯೆಂದು ಅಳಿಸಲ್ಪಟ್ಟಿದ್ದರೆ ಈ ಬೆಳಕು ದೊರೆಯುತ್ತಿರಲಿಲ್ಲ. ಕರಡನ್ನು ಧಾರಾಳವಾಗಿ ತಿದ್ದಬೇಕು. ಹತ್ತು ಜನರ ಕೈಸೇರಿದ ಮೇಲೆ ತಪ್ಪನ್ನು ಮತ್ತೊಂದು ಹೊಸ ಹೆಜ್ಜೆಯಿಂದಲೇ ಸರಿಪಡಿಸಬೇಕು. ಕೂಡಿ ದುಡಿಯುವವರ ಪರಸ್ಪರ ನಂಬಿಕೆಯು ನಿಂತಿರುವುದು ಈ ನಿಯಮದ ಮೇಲೆಯೇ.