‘ಎರಡೇಟು ಬಿದ್ದರೆ ಸರಿಹೋಗ್ತಾನೆ’ ಎನ್ನುವ ಮೆಸೇಜ್: ಬೈಗುಳ, ಬಹುಮಾನ ಎಲ್ಲ ಮಕ್ಕಳಿಗೂ ಒಂದೇ ರೀತಿ ನಾಟುತ್ತವೆಯೇ?

ಪರೀಕ್ಷೆ ಫಲಿತಾಂಶದ ದಿನಗಳಲ್ಲಿ ಫ್ಯಾಮಿಲಿ ಗ್ರೂಪುಗಳಿಗೆ ತಪ್ಪದೆ ಬರುವ ಒಂದು ಬಗೆಯ ಫಾರ್ವರ್ಡ್ ಇದೆ. ‘ನಮ್ಮ ಕಾಲದಲ್ಲಿ ಎಡಿಎಚ್‌ಡಿ ಇರಲಿಲ್ಲ, ಡಿಪ್ರೆಶನ್ ಇರಲಿಲ್ಲ, ಮೇಷ್ಟ್ರ ಕೈಯಲ್ಲಿ ಬೆತ್ತ ಇತ್ತು ಅಷ್ಟೆ’ ಎಂದು ಶುರುವಾಗಿ ‘ಒಪ್ಪಿದರೆ ಹತ್ತು ಜನಕ್ಕೆ ಕಳಿಸಿ’ ಎಂದು ಮುಗಿಯುತ್ತದೆ. ಅದರ ಬೆನ್ನಿಗೇ ಎದುರು ಪಾರ್ಟಿಯ ಮೆಸೇಜ್ ಬರುತ್ತದೆ: ಮಕ್ಕಳನ್ನು ಬೈಯಲೇಬೇಡಿ, ಬರೀ ಹೊಗಳಿ, ಸ್ಟಾರ್ ಕೊಡಿ, ಎಲ್ಲ ಸರಿಹೋಗುತ್ತೆ. ಎರಡೂ ಜಗಳ ಆಡುತ್ತಿರುವಂತೆ ಕಂಡರೂ ಒಂದು ವಿಷಯದಲ್ಲಿ ಎರಡರದ್ದೂ ಒಂದೇ ನಂಬಿಕೆ. ಬಹುಮಾನ, ಶಿಕ್ಷೆ ಎರಡೂ ಎಲ್ಲ ಮಕ್ಕಳ ತಲೆಯೊಳಗೂ ಒಂದೇ ತೂಕ ತೂಗುತ್ತವೆ ಎನ್ನುವುದು ಆ ನಂಬಿಕೆ. ತಪ್ಪಿರುವುದು ಅಲ್ಲೇ.

ಮೊದಲು ‘ನಮ್ಮ ಕಾಲ’ದ ಮಾತು. 1902ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು 43 ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟರು. ಬುದ್ಧಿ ಚೆನ್ನಾಗಿಯೇ ಇದ್ದರೂ ಗಮನ ನಿಲ್ಲದ, ತಮ್ಮನ್ನು ತಾವು ತಡೆದುಕೊಳ್ಳಲಾಗದ ಮಕ್ಕಳು ಅವರಲ್ಲಿ ಹಲವರಿದ್ದರು. ಆಗಿನ ಇಂಗ್ಲೆಂಡಿನಲ್ಲಿ ಬೆತ್ತಕ್ಕೇನೂ ಬರ ಇರಲಿಲ್ಲ. ಆದರೂ ಸ್ಟಿಲ್ ಬರೆದಿಟ್ಟ ಸಂಗತಿಗಳಲ್ಲಿ ಇದೂ ಒಂದು: ಇಂಥ ಮಕ್ಕಳು ಶಿಕ್ಷೆ ಅನುಭವಿಸಿದ ಕೆಲವೇ ಗಂಟೆಗಳಲ್ಲಿ ಅದೇ ತಪ್ಪನ್ನು ಮತ್ತೆ ಮಾಡುತ್ತಿದ್ದರು. ಅಂದರೆ ಮಕ್ಕಳೂ ಇದ್ದರು, ಬೆತ್ತವೂ ಇತ್ತು. ಇಲ್ಲದಿದ್ದದ್ದು ಆ ತೊಂದರೆಗೆ ಒಂದು ಹೆಸರು.

ಹಾಗಾದರೆ ಏಟು ಯಾಕೆ ನಾಟುವುದಿಲ್ಲ? 1970ರ ಆಸುಪಾಸಿನಲ್ಲಿ ಬ್ರಿಟನ್ನಿನ ಮನೋವಿಜ್ಞಾನಿ ಜೆಫ್ರಿ ಗ್ರೇ ಒಂದು ವಿಚಾರ ಮುಂದಿಟ್ಟರು. ಲಾಭದ ಸುಳಿವು ಕಂಡರೆ ಮುನ್ನುಗ್ಗಿಸುವ ವ್ಯವಸ್ಥೆಯೊಂದು ಮಿದುಳಿನಲ್ಲಿದೆ, ಅಪಾಯದ ಸುಳಿವು ಕಂಡರೆ ತಡೆದು ನಿಲ್ಲಿಸುವುದು ಇನ್ನೊಂದು. ಗಾಡಿಗೆ ಆಕ್ಸಿಲರೇಟರ್, ಬ್ರೇಕ್ ಇರುವ ಹಾಗೆ. ಎರಡೂ ಎಲ್ಲರಲ್ಲೂ ಇವೆ, ಆದರೆ ಎಷ್ಟು ಒತ್ತಿದರೆ ಎಷ್ಟು ಕೆಲಸ ಮಾಡುತ್ತವೆ ಎನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಈ ಸಿದ್ಧಾಂತವನ್ನು ಮುಂದೆ ಸಾಕಷ್ಟು ತಿದ್ದಿದ್ದಾರೆ. ಮೂಲ ಪ್ರಶ್ನೆ ಮಾತ್ರ ಇವತ್ತಿಗೂ ಸಂಶೋಧಕರ ಮುಂದಿದೆ.

ಆಟ ನಿಲ್ಲಿಸಲಾಗದವರು

ಇದನ್ನು ಅಳೆಯಲು ಒಂದು ಇಸ್ಪೀಟಿನ ಆಟ ಇದೆ. 1987ರಲ್ಲಿ ಅಮೆರಿಕದ ಜೋಸೆಫ್ ನ್ಯೂಮನ್ ಮತ್ತು ಸಂಗಡಿಗರು ಇದನ್ನು ಮೊದಲು ಜೈಲಿನ ಕೈದಿಗಳ ಮೇಲೆ ಪ್ರಯೋಗಿಸಿದರು. ಒಟ್ಟು 100 ಎಲೆ. ಮೊದಲ ಹತ್ತರಲ್ಲಿ ಒಂಬತ್ತು ಸಲ ದುಡ್ಡು ಬರುತ್ತದೆ. ಮುಂದಿನ ಹತ್ತರಲ್ಲಿ ಎಂಟು ಸಲ, ಆಮೇಲೆ ಏಳು. ಹೀಗೆ ಇಳಿಯುತ್ತಾ ಕೊನೆಯ ಹತ್ತರಲ್ಲಿ ಬರೀ ನಷ್ಟ. ಯಾವಾಗ ಬೇಕಾದರೂ ಎದ್ದು ಹೋಗಬಹುದು. ಹೆಚ್ಚಿನವರು ‘ಇನ್ನು ಸಾಕು’ ಎಂದು ಏಳುತ್ತಾರೆ. ಆದರೆ ಸೈಕೋಪತಿಯ ಲಕ್ಷಣ ಇದ್ದವರು ಗೆದ್ದದ್ದೆಲ್ಲ ಹೋಗುವವರೆಗೂ ಎಲೆ ಎತ್ತುತ್ತಲೇ ಇದ್ದರು. ಮುಂದೆ ಇಂಥದೇ ಆಟವನ್ನು ಮಕ್ಕಳಿಗೆ ಹೊಂದುವಂತೆ ಮಾಡಿ ಆಡಿಸಿದಾಗ, ತೀವ್ರ ನಡವಳಿಕೆ ಸಮಸ್ಯೆ ಇರುವ ಮಕ್ಕಳೂ ಸೋಲುತ್ತಾ ಸೋಲುತ್ತಾ ಮುಂದುವರಿದರು.

ನನಗೆ ಈ ಪ್ರಯೋಗದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಅದರ ಇನ್ನೊಂದು ಸುತ್ತು. ಪ್ರತಿ ಎಲೆಯ ಫಲಿತಾಂಶ ತೋರಿಸಿದ ಮೇಲೆ ಐದು ಸೆಕೆಂಡು ಕಾಯಲೇಬೇಕು ಎಂದು ನಿಯಮ ಮಾಡಿ, ಹಿಂದಿನ ಗೆಲುವು ಸೋಲುಗಳ ಲೆಕ್ಕವನ್ನೂ ಕಣ್ಣ ಮುಂದೆ ಇಟ್ಟರು. ಅಷ್ಟಕ್ಕೇ ಎರಡು ಗುಂಪುಗಳ ವ್ಯತ್ಯಾಸ ಮಾಯವಾಯಿತು. ದಂಡದ ಮೊತ್ತ ಹೆಚ್ಚಿಸಬೇಕಾಗಿ ಬರಲಿಲ್ಲ. ‘ದಂಡಂ ದಶಗುಣಂ’ ಎನ್ನುವವರು ಈ ಐದು ಸೆಕೆಂಡನ್ನು ಸ್ವಲ್ಪ ಯೋಚಿಸಬೇಕು.

ಆಸ್ಟ್ರೇಲಿಯಾದ ಡೇವಿಡ್ ಹಾಸ್ ಮತ್ತು ಮಾರ್ಕ್ ಡ್ಯಾಡ್ಸ್ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ನೇರವಾಗಿದೆ. ಹಟ, ಹೊಡೆದಾಟದ ತೊಂದರೆ ಇದ್ದ 4ರಿಂದ 8 ವರ್ಷದ ಹುಡುಗರ ಅಪ್ಪ ಅಮ್ಮಂದಿರಿಗೆ ತರಬೇತಿ ಕೊಟ್ಟರು. ಮೊದಲು ಒಳ್ಳೆಯ ನಡತೆಗೆ ಮೆಚ್ಚುಗೆ, ಆಮೇಲೆ ತಪ್ಪಿಗೆ ‘ಟೈಮ್ ಔಟ್’, ಅಂದರೆ ಸ್ವಲ್ಪ ಹೊತ್ತು ಒಬ್ಬನೇ ಕೂರುವುದು. ಬೇರೆಯವರ ನೋವಿಗೆ ಕರಗದ ಸ್ವಭಾವದ ಹುಡುಗರು ಮೆಚ್ಚುಗೆಗೆ ಉಳಿದವರಷ್ಟೇ ಸುಧಾರಿಸಿದರು. ಟೈಮ್ ಔಟ್ ಮಾತ್ರ ಅವರಿಗೆ ಅಷ್ಟಾಗಿ ತಟ್ಟಲಿಲ್ಲ. ಇಂಥ ಮಗುವಿನ ಮನೆಯಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಯೋಚಿಸಿ. ಒಂದೇಟಿಗೆ ಬಗ್ಗದಿದ್ದರೆ ನಾಲ್ಕು. ನಾಲ್ಕಕ್ಕೆ ಬಗ್ಗದಿದ್ದರೆ ‘ದಪ್ಪ ಚರ್ಮದವನು’ ಎಂಬ ಬಿರುದು. ಅವನಿಗೆ ಕೇಳಿಸುವ ಭಾಷೆ ಬೇರೆ ಇತ್ತು.

ಎಡಿಎಚ್‌ಡಿ ಇರುವ ಮಕ್ಕಳದ್ದು ಹೆಚ್ಚಾಗಿ ಕಾಯುವುದರ ಕಷ್ಟ. ‘ಎಸ್ಸೆಸ್ಸೆಲ್ಸಿಯಲ್ಲಿ ಡಿಸ್ಟಿಂಕ್ಷನ್ ಬಂದರೆ ಹೊಸ ಮೊಬೈಲ್’ ಎಂದರೆ ಆ ಮೊಬೈಲ್ ಹತ್ತು ತಿಂಗಳು ದೂರ. ಅಷ್ಟು ದೂರದ ಆಸೆಗೆ ಇವತ್ತು ಸಂಜೆಯ ಗಣಿತ ಹೋಂವರ್ಕ್ ಮಾಡಿಸುವ ಬಲ ಇರುವುದಿಲ್ಲ. ಇದಕ್ಕೆ ಆಸೆಬುರುಕತನ ಕಾರಣ ಅಲ್ಲ. ಎಡ್ಮಂಡ್ ಸೊನುಗಾ-ಬಾರ್ಕ್ 1992ರಲ್ಲಿ ತೋರಿಸಿದಂತೆ, ಚಿಕ್ಕ ಬಹುಮಾನ ಆರಿಸಿಕೊಂಡರೂ ಒಟ್ಟು ಕಾಯುವ ಹೊತ್ತು ಕಡಿಮೆಯಾಗುವುದಿಲ್ಲ ಎಂದಾದಾಗ ಇಂಥ ಮಕ್ಕಳೂ ದೊಡ್ಡದಕ್ಕೇ ಕಾದರು. ಅವರಿಗೆ ತಡೆಯಲಾಗದ್ದು ಸುಮ್ಮನೆ ಕಾಯುವುದು. ‘ಈ ಐದು ಲೆಕ್ಕ ಮುಗಿಸು, ಹತ್ತು ನಿಮಿಷ ಕ್ರಿಕೆಟ್ ಆಡಿ ಬಾ’ ಎನ್ನುವುದು ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

ಚಿಕ್ಕ ತಪ್ಪೂ ದೊಡ್ಡದಾಗಿ ಕೇಳಿಸುವವರು

ಈಗ ಇನ್ನೊಂದು ತುದಿ. ಕಂಪ್ಯೂಟರ್ ಮುಂದೆ ಕೂತು ತಪ್ಪು ಬಟನ್ ಒತ್ತಿದ ತಕ್ಷಣ, ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ, ಮಿದುಳಿನಲ್ಲಿ ಒಂದು ವಿದ್ಯುತ್ ಅಲೆ ಏಳುತ್ತದೆ. ತಲೆಗೆ ತಂತಿ ಅಂಟಿಸಿ ಮಾಡುವ ಇಇಜಿಯಲ್ಲಿ ಅದನ್ನು ನೋಡಬಹುದು. ಆತಂಕದ ಕಾಯಿಲೆ ಇರುವ ಮಕ್ಕಳಲ್ಲಿ ಈ ಅಲೆ ಸರಾಸರಿಯಲ್ಲಿ ದೊಡ್ಡದು. ನಮಗೆ ‘ಅಯ್ಯೋ, ತಪ್ಪಾಯ್ತು’ ಅನ್ನಿಸುವಷ್ಟು ಸಣ್ಣದು ಅವರೊಳಗೆ ಗಂಟೆ ಬಾರಿಸಿದಂತೆ. ಅಮೆರಿಕದ ಸಂಶೋಧಕರು ಮೂರು ವರ್ಷದ ಮಕ್ಕಳ ಮನೆಯ ಶಿಸ್ತಿನ ರೀತಿಯನ್ನು ದಾಖಲಿಸಿಕೊಂಡು, ಅವೇ ಮಕ್ಕಳು ಆರು ವರ್ಷದವರಾದಾಗ ಇಇಜಿ ಮಾಡಿದರು. ಬೈದು ದಂಡಿಸುವ ರೀತಿ ಹೆಚ್ಚಿದ್ದ ಮನೆಯ ಮಕ್ಕಳಲ್ಲಿ ತಪ್ಪಿನ ಅಲೆ ದೊಡ್ಡದಾಗಿತ್ತು. ಇಂಥ ಮಗುವಿಗೆ ಬೆತ್ತ ‘ಕೆಲಸ ಮಾಡಿದಂತೆ’ ಕಾಣುತ್ತದೆ, ಅದೇ ಮೋಸ. ಮಗು ಸುಮ್ಮನಾಗುತ್ತದೆ. ಕೈ ಎತ್ತಿ ಪ್ರಶ್ನೆ ಕೇಳುವುದನ್ನೂ ನಿಲ್ಲಿಸುತ್ತದೆ.

ಖಿನ್ನತೆಯಲ್ಲಿ ಬಹುಮಾನದ ಬೆಳಕೇ ಮಂದವಾಗುತ್ತದೆ. ಯುರೋಪಿನ ‘ಇಮ್ಯಾಜೆನ್’ ಅಧ್ಯಯನದಲ್ಲಿ 14 ವರ್ಷದವರ ಮಿದುಳನ್ನು, ಬಹುಮಾನಕ್ಕೆ ಕಾಯುತ್ತಿರುವಾಗ ಸ್ಕ್ಯಾನ್ ಮಾಡಿದರು. ಆಗ ಮಿದುಳಿನ ಬಹುಮಾನ ಕೇಂದ್ರದಲ್ಲಿ ಚಟುವಟಿಕೆ ಕಡಿಮೆ ಇದ್ದವರಲ್ಲಿ ಎರಡು ವರ್ಷದ ಬಳಿಕ ಖಿನ್ನತೆ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚಿತ್ತು. ಮೆಚ್ಚಿನ ಬಿರಿಯಾನಿಯೂ ಬೇಡ, ಗೆಳೆಯರೂ ಬೇಡ ಎನ್ನುವ ಮಗಳಿಗೆ ‘ಸೋಮಾರಿ’ ಎನ್ನುವ ಮೊದಲು ಇದು ನೆನಪಿರಲಿ. ‘ಪ್ರವಾಸಕ್ಕೆ ಕರ್ಕೊಂಡು ಹೋಗ್ತೀನಿ, ಓದು’ ಎಂದರೆ ಅವಳಿಗೆ ಪ್ರವಾಸದ ಆಸೆಯೇ ಹುಟ್ಟುವುದಿಲ್ಲ. ಊಟ ಬಿಡುವ ಕಾಯಿಲೆ ಅನೊರೆಕ್ಸಿಯಾದಲ್ಲೂ ಇಂಥ ವಿಚಿತ್ರ ಇದೆ: ಅದರಿಂದ ಗುಣವಾದ ಮಹಿಳೆಯರಿಗೆ ಊಹಿಸುವ ಆಟ ಆಡಿಸಿದಾಗ, ದುಡ್ಡು ಗೆದ್ದಾಗಲೂ ಕಳೆದುಕೊಂಡಾಗಲೂ ಬಹುಮಾನ ಕೇಂದ್ರ ಹೆಚ್ಚುಕಡಿಮೆ ಒಂದೇ ರೀತಿ ಸ್ಪಂದಿಸಿತು.

ಹಾಗಾದರೆ ಸ್ಟಾರ್ ಚಾರ್ಟ್ ಸಾಕೇ?

ಸಾಲದು. ವುಲ್ಫ್ರಾಮ್ ಶುಲ್ಟ್ಸ್ ಮಂಗಗಳ ಮಿದುಳಿನ ಡೋಪಮೈನ್ ಕೋಶಗಳನ್ನು ಗಮನಿಸಿದಾಗ, ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕರೆ ಅವು ಜೋರಾಗಿ ಮಿಡಿದವು. ದಿನವೂ ಸಿಗುತ್ತದೆಂದು ಗೊತ್ತಾದ ಮೇಲೆ ರಸಕ್ಕೆ ಮಿಡಿಯಲಿಲ್ಲ, ಅದರ ಮುನ್ಸೂಚನೆಗೆ ಮಿಡಿದವು. ಬರಬೇಕಾದ ರಸ ಬರದಿದ್ದರೆ ಮಿಡಿತ ಇಳಿಯಿತು. (‘ಡೋಪಮೈನ್ ಅಂದರೆ ಸಂತೋಷದ ರಾಸಾಯನಿಕ, ಒಂದು ದಿನ ಡಿಟಾಕ್ಸ್ ಮಾಡಿ’ ಎನ್ನುವ ರೀಲ್ಸ್ ನೋಡಿದ್ದರೆ ಇದನ್ನೂ ಒಮ್ಮೆ ಓದಿ.) ಮನೆಗೆ ಇದರ ಅರ್ಥ ಇಷ್ಟೆ: ಕೊಡುತ್ತೇನೆಂದು ಹೇಳಿ ಕೊಡದ ಬಹುಮಾನ ಸೊನ್ನೆಯಲ್ಲ, ಅದು ನಷ್ಟ. ಹಳೆಯ ಬಹುಮಾನವೂ ಕ್ರಮೇಣ ಸಪ್ಪೆಯಾಗುತ್ತದೆ.

ಕಾಯಿಲೆ ಇಲ್ಲದ ಹದಿಹರೆಯದವರದ್ದೂ ವಯಸ್ಕರ ತಲೆಯಲ್ಲ. ಲಂಡನ್ನಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 12ರಿಂದ 17ರ ವಯಸ್ಸಿನವರು ಬಹುಮಾನದಿಂದ ದೊಡ್ಡವರಷ್ಟೇ ಕಲಿತರು, ದಂಡ ತಪ್ಪಿಸಿಕೊಳ್ಳುವ ಆಟದಲ್ಲಿ ಹಿಂದೆ ಬಿದ್ದರು.

ಇದನ್ನೆಲ್ಲ ಓದಿ ಮನೆಯಲ್ಲೇ ಲೇಬಲ್ ಅಂಟಿಸಬೇಡಿ. ಮೇಲಿನ ಫಲಿತಾಂಶಗಳೆಲ್ಲ ಗುಂಪಿನ ಸರಾಸರಿ. ಎಡಿಎಚ್‌ಡಿಯ ಜೊತೆ ಆತಂಕವೂ ಇರುವ ಮಗು ಬೇಕಾದಷ್ಟು ಸಿಗುತ್ತದೆ, ಅದಕ್ಕೆ ಬಹುಮಾನದ ಆತುರ, ಬೈಗುಳದ ಭಯ ಎರಡೂ ಇರಬಹುದು. ಮಿದುಳಿನ ಸ್ಕ್ಯಾನ್ ಮಾಡಿ ‘ನಿಮ್ಮ ಮಗುವಿನ ಬಹುಮಾನ ಕೇಂದ್ರ ವೀಕ್’ ಎಂದು ಹೇಳುವ ಪರೀಕ್ಷೆ ಆಸ್ಪತ್ರೆಗಳ ಬಳಕೆಯಲ್ಲಿಲ್ಲ. ಯಾರಾದರೂ ಪ್ಯಾಕೇಜ್ ಮಾರುತ್ತಿದ್ದರೆ ದುಡ್ಡು ಉಳಿಸಿಕೊಳ್ಳಿ.

ನಿಮ್ಹಾನ್ಸ್ ನೇತೃತ್ವದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13ರಿಂದ 17ರ ವಯಸ್ಸಿನವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ಕಾಯಿಲೆ ಇತ್ತು. ಐವತ್ತು ಮಕ್ಕಳ ತರಗತಿಗೆ ಲೆಕ್ಕ ಹಾಕಿದರೆ ಮೂರು, ನಾಲ್ಕು ಮಕ್ಕಳು. ಶಾಲೆಯಲ್ಲಿ ಹೊಡೆಯುವುದು, ಮಾನಸಿಕ ಹಿಂಸೆ ಕೊಡುವುದು ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ.

ವೈದ್ಯರ ಬಳಿ ಹೋಗುವ ಮೊದಲು ಎರಡು ವಾರ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ: ಜಗಳಕ್ಕೆ ಮುಂಚೆ ಏನಾಯಿತು, ನೀವು ಏನು ಮಾಡಿದಿರಿ, ಆಮೇಲೆ ಮಗು ಏನು ಮಾಡಿತು. ಯಾವುದು ನಾಟುತ್ತಿದೆ, ಯಾವುದು ನಾಟುತ್ತಿಲ್ಲ ಎಂಬ ಸುಳಿವು ಸಿಗುವುದು ಅಲ್ಲಿಂದ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಗು ಸಾಯುವ ಮಾತಾಡಿದರೆ ಎರಡು ವಾರ ಕಾಯಬೇಡಿ, ಅವತ್ತೇ ಕರೆ ಮಾಡಿ, ಒಬ್ಬಂಟಿಯಾಗಿ ಬಿಡಬೇಡಿ.